ಕೊನೆಯ 20 ನಿಮಿಷಕ್ಕೆ ಅಳು ಬಂದರೆ ಏನು ಮಾಡಬೇಕು

ಚಿತ್ರದುರ್ಗದ ನಮ್ಮ ಮನೆಯಲ್ಲಿ ‘ದ ಲಾರ್ಡ್ ಆಫ್ ದ ರಿಂಗ್ಸ್’ ಸರಣಿಯ ಮೂರನೆಯ ಚಿತ್ರವನ್ನು ಎಲ್ಲರೂ ಒಟ್ಟಿಗೆ ಕೂತು ನೋಡಿದ ರಾತ್ರಿ, ಲೋಕಕ್ಕೇ ಕೇಡಾಗಿದ್ದ ಮಾಯಾ ಉಂಗುರ ಬೆಂಕಿಯಲ್ಲಿ ಕರಗಿ, ಅದನ್ನು ನಾಶಮಾಡಲು ಅಲ್ಲಿಯವರೆಗೆ ಬಂದ ಗೆಳೆಯರಾದ ಫ್ರೋಡೋ ಮತ್ತು ಸ್ಯಾಮ್ ಲಾವಾ ಹರಿಯುವ ನಡುವಿನ ಬಂಡೆಯ ಮೇಲೆ ಒಬ್ಬರಿಗೊಬ್ಬರು ಒರಗಿಕೊಂಡು, ಪರದೆ ಪೂರ್ತಿ ಕಪ್ಪಾದ ಕೂಡಲೇ ನಮ್ಮ ಸೋದರಮಾವ ಎದ್ದು ಟ್ಯೂಬ್‌ಲೈಟ್ ಹಾಕಿಬಿಟ್ಟರು. “ಮುಗೀತಲ್ಲ, ಏಳ್ರಿ, ಉಣ್ಣಾಕ ಕೂಡ್ರಿ” ಎಂದರು. ಅಷ್ಟರಲ್ಲಿ ಪರದೆಯ ಮೇಲೆ ಹದ್ದುಗಳು ಹಾರಿ ಬಂದವು. ಮಾವ ದೀಪ ಆರಿಸಿ ಕೂತರು. ಮತ್ತೆ ಪರದೆ ಮಸುಕಾಯಿತು, ಮತ್ತೆ ಎದ್ದರು. ಹೀಗೆ ಮೂರು ಸಲ ಆದ ಮೇಲೆ ಅವರು ಸ್ವಿಚ್ಚಿನ ಪಕ್ಕದಲ್ಲೇ ನಿಂತುಕೊಂಡರು. ನಾನು ಮಾತ್ರ ಆ ಬೆಳಕಿನಲ್ಲಿ ಒದ್ದೆ ಮುಖವನ್ನು ಎಲ್ಲಿ ಅಡಗಿಸುವುದೆಂದು ತಿಳಿಯದೆ ಗೋಡೆಯ ಕ್ಯಾಲೆಂಡರನ್ನು ಓದುತ್ತಿರುವವನಂತೆ ಕತ್ತು ತಿರುಗಿಸಿದೆ.

ದೊಡ್ಡ ಕಥೆಯೊಂದರ ಕೊನೆಯಲ್ಲಿ ಅಳು ಬರುವುದು ಅವಮಾನದ ವಿಷಯವಲ್ಲ. ಆದರೆ ಅದನ್ನು ಹೇಗೆ ಎದುರುಗೊಳ್ಳಬೇಕೆಂದು ನಮಗೆ ಯಾರೂ ಹೇಳಿಕೊಡುವುದಿಲ್ಲ. ಹಲವು ವರ್ಷ ಈ ಚಿತ್ರವನ್ನೇ ಮತ್ತೆ ಮತ್ತೆ ನೋಡಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳು ಈ ಒಂದು ಚಿತ್ರದ್ದಾದರೂ ವಿಧಾನ ಬೇರೆ ಚಿತ್ರಗಳಿಗೂ ಹೊಂದುತ್ತದೆ.

ಮೊದಲ ಕೆಲಸ ನೋಡುವುದಕ್ಕೆ ಮುಂಚಿನದು. ಪೀಟರ್ ಜಾಕ್ಸನ್ ನಿರ್ದೇಶಿಸಿದ ಈ ಮೂರು ಚಿತ್ರಗಳು 2001, 2002 ಮತ್ತು 2003ರ ಡಿಸೆಂಬರ್‌ಗಳಲ್ಲಿ ಬಿಡುಗಡೆಯಾದವು. ಚಿತ್ರಮಂದಿರದ ಆವೃತ್ತಿಗಳು ಕ್ರಮವಾಗಿ 178, 179 ಮತ್ತು 201 ನಿಮಿಷ, ಅಂದರೆ ಒಟ್ಟು ಒಂಬತ್ತು ಗಂಟೆಗೂ ಮಿಕ್ಕಿ. ಭಾನುವಾರ ಒಂದೇ ದಿನಕ್ಕೆ ಮೂರನ್ನೂ ಮುಗಿಸುತ್ತೇವೆಂಬ ಹುಮ್ಮಸ್ಸು ಬೇಡ. ಹಾಗೆ ನೋಡಿದಾಗ ಕೊನೆಗೆ ಬರುವ ಕಣ್ಣೀರಿನಲ್ಲಿ ಅರ್ಧ ನಿದ್ದೆಗೇಡಿನದು, ಯಾವುದು ಕಥೆಯದು ಯಾವುದು ದಣಿವಿನದು ಎಂದು ಬೇರ್ಪಡಿಸಲಾಗುವುದಿಲ್ಲ. ಮೂರು ಸಂಜೆಗಳನ್ನು ಇಟ್ಟುಕೊಳ್ಳಿ. ಇಂಗ್ಲಿಷ್ ಸಂಭಾಷಣೆ ಹಿಡಿತಕ್ಕೆ ಸಿಗದ ಹಿರಿಯರು ಜೊತೆಗಿದ್ದರೆ, ಆ ಸಂಜೆಯ ಕಥೆಯನ್ನು ಹಾಕುವ ಮೊದಲೇ ಹತ್ತು ನಿಮಿಷ ಕೂತು ಹೇಳಿಬಿಡಿ; ನಡುನಡುವೆ “ಇವ ಯಾರು, ಅವ ಯಾಕೆ ಬಂದ” ಎಂಬ ಪ್ರಶ್ನೆಗೆ ಉತ್ತರಿಸುತ್ತ ಕೂತರೆ ಇಬ್ಬರಿಗೂ ಚಿತ್ರ ದಕ್ಕುವುದಿಲ್ಲ. ಮಂಡಕ್ಕಿ, ಮಿರ್ಚಿ ಏನಿದ್ದರೂ ಉಂಗುರ ಬೆಂಕಿಗೆ ಬೀಳುವ ಹೊತ್ತಿಗೆ ಮುಗಿದಿರಲಿ. ದಾವಣಗೆರೆಯ ನನ್ನ ಚಿಕ್ಕಪ್ಪನ ಮಗ ಮಾತ್ರ ಬೇಕೆಂದೇ ಒಂದು ಮಿರ್ಚಿಯನ್ನು ಕೊನೆಯವರೆಗೂ ಕೈಯಲ್ಲಿ ಹಿಡಿದಿರುತ್ತಾನೆ, ಯಾರಾದರೂ ಕಣ್ಣು ನೋಡಿದರೆ ಮೆಣಸಿನಕಾಯಿ ಖಾರ ಎಂದು ಹೇಳಲು ಅನುಕೂಲವಂತೆ.

ಎರಡನೆಯದು, ಪರದೆ ಮೊದಲ ಸಲ ಕಪ್ಪಾದಾಗ ಏಳಬೇಡಿ. ಈ ಚಿತ್ರಕ್ಕೆ ಎಷ್ಟೊಂದು ಕೊನೆಗಳು ಎಂಬ ದೂರು ಬಿಡುಗಡೆಯಾದಾಗಿನಿಂದ ಇದೆ. ನಾಮನಿರ್ದೇಶನಗೊಂಡ 11 ವಿಭಾಗಗಳಲ್ಲೂ ಆಸ್ಕರ್ ಗೆದ್ದ ಮೇಲೂ ಆ ದೂರು ನಿಂತಿಲ್ಲ. ನನಗೆ ಈ ದೂರು ಎಂದೂ ಒಪ್ಪಿಗೆಯಾಗಿಲ್ಲ. ನಮ್ಮ ಸೀಮೆಯ ದೊಡ್ಡಾಟವನ್ನು ರಾತ್ರಿಯಿಡೀ ಕೂತು ನೋಡಿದವರಿಗೆ ಗೊತ್ತು: ಖಳ ಸತ್ತ ಕ್ಷಣಕ್ಕೆ ಯಾರೂ ಕಂಬಳಿ ಸುತ್ತಿಕೊಂಡು ಹೊರಡುವುದಿಲ್ಲ, ಮಂಗಳ ಹಾಡಿದ ಮೇಲೆಯೇ ಆಟ ಮುಗಿಯುವುದು. ಕುಮಾರವ್ಯಾಸ ಗದಾಪರ್ವಕ್ಕೆ, ಅಂದರೆ ಯುದ್ಧದ ಕೊನೆಗೆ, ತನ್ನ ಭಾರತವನ್ನು ನಿಲ್ಲಿಸಿದ. ಆದರೂ ಉಳಿದ ಪರ್ವಗಳು ಬೇಕೆನ್ನಿಸಿ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಅವನ್ನು ಕನ್ನಡದಲ್ಲಿ ಪೂರೈಸಿದ. ಗೆದ್ದ ಮೇಲೆ ಗೆದ್ದವರ ಗತಿ ಏನಾಯಿತು ಎಂಬ ಪ್ರಶ್ನೆ ಹಳೆಯದು. ಈ ಚಿತ್ರದ ಕೊನೆಯ ಸುಮಾರು 20 ನಿಮಿಷಗಳು ಆ ಪ್ರಶ್ನೆಗೇ ಮೀಸಲು.

ಮೂರನೆಯದು ಅತಿ ಮುಖ್ಯವಾದುದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಅಳು ಬಂದಾಗ ಅದನ್ನು ತಡೆಯಬೇಡಿ, ಆದರೆ ಅದು ಯಾವ ಚಿತ್ರಿಕೆಗೆ ಬಂತು ಎಂಬುದನ್ನು ಮಾತ್ರ ಗುರುತಿಟ್ಟುಕೊಳ್ಳಿ. “ಕೊನೆ ನೋಡಿ ಅತ್ತುಬಿಟ್ಟೆ” ಎಂದರೆ ಏನೂ ಹೇಳಿದಂತಾಗಲಿಲ್ಲ. ಅಳು ಎಂದೂ ಇಡೀ ಕೊನೆಗೆ ಬರುವುದಿಲ್ಲ, ಯಾವುದೋ ಒಂದು ಸಣ್ಣ ಸಂಗತಿಗೆ ಬರುತ್ತದೆ, ಮತ್ತು ಆ ಸಣ್ಣ ಸಂಗತಿ ಬಹುಪಾಲು ನಾವು ಅಂದುಕೊಂಡದ್ದಾಗಿರುವುದಿಲ್ಲ. ಅಂದೇ ರಾತ್ರಿ, ಯಾರ ಜೊತೆಗೂ ಚರ್ಚಿಸುವ ಮೊದಲು, ಮೊಬೈಲ್ ಕೈಗೆತ್ತಿಕೊಂಡು ಬೇರೆಯವರ ಅಭಿಪ್ರಾಯ ಓದುವ ಮೊದಲು, ಒಂದು ಹಾಳೆಯಲ್ಲಿ ಮೂರು ವಾಕ್ಯ ಬರೆಯಿರಿ: ಆಗ ಪರದೆಯ ಮೇಲೆ ಯಾರಿದ್ದರು, ಅವರ ಕೈಯಲ್ಲಿ ಏನಿತ್ತು, ಯಾವ ಸದ್ದು ಕೇಳುತ್ತಿತ್ತು. ಹೇಗನ್ನಿಸಿತು ಎಂದು ಬರೆಯಲು ಹೋಗಬೇಡಿ. ಆ ಮಾತಿಗೆ ನಮ್ಮ ಬಳಿ ಸವೆದ ಪದಗಳೇ ಹೆಚ್ಚು.

ಹೀಗೆ ಬರೆಯುವಾಗ ಎರಡು ಬಗೆಯ ಕಣ್ಣೀರನ್ನು ಬೇರೆ ಮಾಡಿಕೊಳ್ಳುವುದು ಒಳ್ಳೆಯದು. ಮೂಲ ಕಾದಂಬರಿಯನ್ನು ಬರೆದ ಟೋಲ್ಕಿನ್ 1947ರಲ್ಲಿ ಪ್ರಕಟವಾದ ತಮ್ಮ ಪ್ರಬಂಧವೊಂದರಲ್ಲಿ, ಎಲ್ಲ ಕೈಮೀರಿತು ಎನ್ನುವಾಗ ಕಥೆಯಲ್ಲಿ ಬರುವ ಅನಿರೀಕ್ಷಿತ ಶುಭ ತಿರುವಿಗೆ ‘ಯೂಕಟಾಸ್ಟ್ರಫಿ’ ಎಂಬ ಹೊಸ ಹೆಸರನ್ನೇ ಕೊಟ್ಟು, ಅದು ಸಂತೋಷದ್ದಾದರೂ ಕಣ್ಣೀರಿನ ಹತ್ತಿರಕ್ಕೆ ಒಯ್ಯುತ್ತದೆ ಎಂದಿದ್ದಾರೆ. ಪಟ್ಟಾಭಿಷೇಕದ ದಿನ ಹೊಸ ದೊರೆ ಅರಾಗಾರ್ನ್, ತನಗೆ ತಲೆಬಾಗಲು ಬಂದ ಫ್ರೋಡೋ, ಸ್ಯಾಮ್ ಮತ್ತವರ ಇಬ್ಬರು ಗೆಳೆಯರು, ಹೀಗೆ ನಾಲ್ವರು ಕುಳ್ಳ ಹಾಬಿಟ್‌ಗಳನ್ನು ತಡೆದು ತಾನೇ ಅವರಿಗೆ ಮಣಿದಾಗ, ನೆರೆದವರೆಲ್ಲ ಅವನ ಹಿಂದೆ ಮಂಡಿಯೂರಿದಾಗ ಬರುವುದು ಈ ಬಗೆಯದು. ಸಣ್ಣವರಿಗೆ ಸಲ್ಲಬೇಕಾದದ್ದು ಸಂದಿತಲ್ಲ ಎಂಬ ಸಮಾಧಾನ ಅದರಲ್ಲಿದೆ. ನೀರಿಗೆಂದು ಹೋಗಿ ಒನಕೆ ಎತ್ತಿದ ಓಬವ್ವನ ಕಥೆ ಕೇಳಿ ಬೆಳೆದ ದುರ್ಗದವರಿಗೆ ಅದು ಬೇಗ ತಟ್ಟುತ್ತದೆ. ಇನ್ನೊಂದು ಬಗೆ ಅಗಲಿಕೆಯದು. ದಾರಿಯಲ್ಲಿ ಶತ್ರುಪಕ್ಷದ ಕರಾಳ ಸವಾರನೊಬ್ಬ ಭುಜಕ್ಕೆ ಚುಚ್ಚಿದ ಗಾಯ ನಾಲ್ಕು ವರ್ಷವಾದರೂ ವಾಸಿಯಾಗದೆ, ತಾನು ಉಳಿಸಿದ ಊರಿನಲ್ಲಿ ತಾನೇ ಇರಲಾರದೆ ಫ್ರೋಡೋ ಹಡಗು ಹತ್ತುತ್ತಾನೆ. ಮೂವರು ಗೆಳೆಯರನ್ನು ಒಬ್ಬೊಬ್ಬರಾಗಿ ತಬ್ಬಿ, ಸ್ಯಾಮ್‌ನ ಹಣೆಗೆ ಮುತ್ತಿಟ್ಟು, ಹತ್ತುವ ಮುಂಚೆ ತಿರುಗಿ ನಗುತ್ತಾನೆ. ಮಹಾಪ್ರಸ್ಥಾನದಲ್ಲಿ ಪಾಂಡವರು ದಾರಿಯಲ್ಲಿ ಒಬ್ಬೊಬ್ಬರಾಗಿ ಬೀಳುತ್ತ, ಕೊನೆಗೆ ಧರ್ಮರಾಯನ ಹಿಂದೆ ನಾಯಿಯೊಂದೇ ಉಳಿಯುವ ಕಥೆಯನ್ನು ಕೇಳಿದವರಿಗೆ ಈ ಹೊರಡುವಿಕೆ ಹೊಸದಲ್ಲ. ಅಂದಹಾಗೆ ಈ ಬಂದರಿನ ದೃಶ್ಯವನ್ನು ಮೂರು ಸಲ ಚಿತ್ರೀಕರಿಸಬೇಕಾಯಿತಂತೆ: ಮೊದಲ ಸಲ ಸ್ಯಾಮ್ ಪಾತ್ರಧಾರಿ ಊಟದ ವಿರಾಮದ ನಂತರ ವೇಸ್ಟ್‌ಕೋಟು ಹಾಕಿಕೊಳ್ಳುವುದನ್ನು ಮರೆತಿದ್ದ, ಎರಡನೆಯ ಸಲ ಕ್ಯಾಮೆರಾ ಫೋಕಸ್ ತಪ್ಪಿತ್ತು. ಅಷ್ಟು ಅತ್ತವರು ಮತ್ತೆ ಮತ್ತೆ ಅಳಬೇಕಾಗಿ ಬಂದದ್ದನ್ನು ನೆನೆದರೆ ನನ್ನ ಒಂದು ರಾತ್ರಿಯ ಸಂಕೋಚ ಬಹಳ ಸಣ್ಣದೆನಿಸುತ್ತದೆ.

ನಾನು ಆ ರಾತ್ರಿ ಬಂದರಿನ ದೃಶ್ಯಕ್ಕೇ ಅತ್ತೆನೆಂದು ಬಹಳ ದಿನ ನಂಬಿದ್ದೆ. ಮುಂದಿನ ವರ್ಷ ಮತ್ತೆ ನೋಡಿ ಮೂರು ವಾಕ್ಯ ಬರೆಯಲು ಕೂತಾಗ ಸತ್ಯ ಬೇರೆಯೇ ಎಂದು ತಿಳಿಯಿತು. ಬಂದರಿಗಿಂತ ಮೊದಲು ಒಂದು ಸಣ್ಣ ದೃಶ್ಯವಿದೆ. ಲೋಕವನ್ನೇ ಉಳಿಸಿ ಬಂದ ನಾಲ್ವರೂ ತಮ್ಮೂರಿನ ಹೆಂಡದಂಗಡಿಯಲ್ಲಿ ಮೇಜಿನ ಸುತ್ತ ಕೂತಿದ್ದಾರೆ. ಅವರಿಗೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ಎಲ್ಲರ ಕಣ್ಣು ಒಬ್ಬ ಮುದುಕ ತಂದ ದೊಡ್ಡ ಕುಂಬಳಕಾಯಿಯ ಮೇಲಿದೆ. ನಾಲ್ವರು ಒಬ್ಬರನ್ನೊಬ್ಬರು ನೋಡಿ, ಮಾತಿಲ್ಲದೆ ಲೋಟ ಎತ್ತುತ್ತಾರೆ. ನನ್ನ ಹಾಳೆಯಲ್ಲಿ ಬಿದ್ದದ್ದು ಇಷ್ಟು: ನಾಲ್ವರು, ಲೋಟ, ಹಿಂದೆ ಕುಂಬಳಕಾಯಿಯ ಗದ್ದಲ. ಅದನ್ನು ಬರೆದ ಮೇಲೆ ನೆನಪಾಯಿತು. ಆ ಚಿತ್ರ ನೋಡುವುದಕ್ಕೆ ಕೆಲವು ತಿಂಗಳ ಹಿಂದೆ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಅಪ್ಪನ ಜೊತೆ ಏಳು ವಾರ ಇದ್ದು, ಕೊನೆಗೆ ಅಪ್ಪನಿಲ್ಲದೆ ನಾನೂ ಅಮ್ಮನೂ ದುರ್ಗಕ್ಕೆ ಮರಳಿದ್ದೆವು. ಕರ್ಮಾಂತರವೆಲ್ಲ ಮುಗಿದ ಮರುದಿನ ಬೀದಿಗೆ ಹೋದರೆ ಅಲ್ಲಿ ಗಣಪತಿಯ ಚಂದಾ ಮನೆಗೆ ಎಷ್ಟೆಂದು ಜಗಳ ನಡೆದಿತ್ತು. ಯಾರದೂ ತಪ್ಪಿರಲಿಲ್ಲ. ನನ್ನನ್ನೂ ಕರೆದು, ನೀನೇ ಹೇಳಪ್ಪ, ಐದುನೂರು ಹೆಚ್ಚಾಯ್ತಾ, ಎಂದು ಕೇಳಿದರು.

ಎಲ್ಲರಿಗೂ ಇಂಥ ಹಿಂದಿನ ಕಥೆ ಇರಬೇಕೆಂದಿಲ್ಲ, ಇಲ್ಲದಿದ್ದರೆ ಕಟ್ಟಿಕೊಳ್ಳಲು ಹೋಗಬೇಡಿ. ಕೆಲವೊಮ್ಮೆ ಅಳಿಸಿದ್ದು ಬರೀ ಸಂಗೀತವಿರುತ್ತದೆ, ಅದನ್ನು ಪರೀಕ್ಷಿಸುವ ಸುಲಭ ದಾರಿಯೂ ಇದೆ. ಮರುದಿನ ಕೊನೆಯ 20 ನಿಮಿಷವನ್ನಷ್ಟೇ ಸದ್ದು ಪೂರ್ತಿ ನಿಲ್ಲಿಸಿ ನೋಡಿ. ಆಮೇಲೆ ಪರದೆಗೆ ಬೆನ್ನು ಮಾಡಿ ಕೂತು ಕೇವಲ ಕೇಳಿ. ಹೋವರ್ಡ್ ಶೋರ್ ಈ ಚಿತ್ರಗಳಿಗೆ ಕೊಟ್ಟ ಸಂಗೀತದಲ್ಲಿ ಹಾಬಿಟ್‌ಗಳ ಊರಾದ ಶೈರ್‌ಗೆ ಒಂದು ರಾಗವಿದೆ. ಮೊದಲ ಚಿತ್ರದ ಆರಂಭದಲ್ಲೇ ಅದನ್ನು ಕೇಳಿರುತ್ತೇವೆ. ಒಂಬತ್ತು ಗಂಟೆಯ ನಂತರ ಅದೇ ರಾಗ ಕೊಳಲಿನಂಥ ಸ್ವರದಲ್ಲಿ ಮರಳಿದಾಗ, ಮನಸ್ಸಿಗಿಂತ ಮೊದಲು ಕಿವಿ ಊರನ್ನು ಗುರುತಿಸುತ್ತದೆ. ಸದ್ದಿಲ್ಲದೆ ನೋಡಿದಾಗಲೂ ಗಂಟಲು ಬಿಗಿದರೆ ಅದು ದೃಶ್ಯದ್ದು, ಬೆನ್ನು ಮಾಡಿ ಕೂತಾಗ ಬಿಗಿದರೆ ರಾಗದ್ದು. ನನ್ನ ಕುಂಬಳಕಾಯಿ ಸದ್ದಿಲ್ಲದೆಯೂ ಬಿಗಿಯಿತು.

ಪಕ್ಕದಲ್ಲಿ ಕೂತವರು ಅಳುತ್ತಿದ್ದರೆ ಏನು ಮಾಡಬೇಕೆಂಬುದಕ್ಕೆ ಉತ್ತರ ಚಿಕ್ಕದು: ನೋಡಬೇಡಿ, ನೀರಿನ ಲೋಟವನ್ನು ಕೈಗೆ ಸಿಗುವಲ್ಲಿ ಇಟ್ಟು ಸುಮ್ಮನಿರಿ, ಹೆಸರುಗಳೆಲ್ಲ ಓಡಿ ಮುಗಿಯುವವರೆಗೆ ದೀಪ ಹಾಕಬೇಡಿ. “ಬರೀ ಸಿನಿಮಾ, ಅಷ್ಟಕ್ಕೇ ಅಳ್ತಾರಾ” ಎಂಬ ಮಾತನ್ನು ಮಕ್ಕಳಿಗಂತೂ ಹೇಳಲೇಬೇಡಿ. ಬೇಕಿದ್ದರೆ ಮರುದಿನ ಕೇಳಿ, ಅದೂ ಯಾಕೆ ಅತ್ತೆ ಎಂದಲ್ಲ, ಎಲ್ಲಿ ಅತ್ತೆ ಎಂದು. ಯಾಕೆ ಎಂದರೆ ವಿಚಾರಣೆಯಂತೆ ಕೇಳುತ್ತದೆ, ಎಲ್ಲಿ ಎಂದರೆ ಮಾತು ತಾನಾಗಿ ಹೊರಡುತ್ತದೆ. ಮನೆಯಲ್ಲಿ ಕೇಳಲು ಕಷ್ಟವಾದರೆ ಕೋಟೆಯ ಕಡೆ ಬೆಳಿಗ್ಗೆ ಒಂದು ಸುತ್ತು ಕರೆದುಕೊಂಡು ಹೋಗಿ. ಅಕ್ಕ-ತಂಗಿ ಹೊಂಡದ ಹತ್ತಿರ ಕೂತರೆ ಎದುರಾಬದುರು ಮುಖ ನೋಡುವ ಅಗತ್ಯವಿರುವುದಿಲ್ಲ, ಇಬ್ಬರೂ ನೀರನ್ನೇ ನೋಡುತ್ತ ಮಾತಾಡಬಹುದು. ಎರಡು ಮೂರು ದಿನ ಮನಸ್ಸು ಭಾರವಿರುವುದು ಸಹಜ. ವಾರಗಳು ಕಳೆದರೂ ಊಟ ನಿದ್ದೆ ಸರಿಹೋಗದಿದ್ದರೆ ಅದು ಚಿತ್ರದ್ದಲ್ಲ, ವೈದ್ಯರ ಬಳಿ ಹೋಗಬೇಕಾದ ವಿಷಯ.

ಕೊನೆಯದಾಗಿ, ಮತ್ತೆ ನೋಡುವುದರ ಬಗ್ಗೆ. ಕೊನೆ ಗೊತ್ತಾದ ಮೇಲೆ ಇನ್ನೇನಿದೆ ಎನ್ನುವವರು ದುರ್ಗದಲ್ಲಿ ಇರಬಾರದು. 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದದ್ದು ಇಲ್ಲಿನ ಮಗುವಿಗೂ ಗೊತ್ತು, ತ.ರಾ.ಸು. ಅವರ ‘ದುರ್ಗಾಸ್ತಮಾನ’ ಶೀರ್ಷಿಕೆಯಲ್ಲೇ ತನ್ನ ಕೊನೆಯನ್ನು ಹೇಳಿಬಿಡುತ್ತದೆ, ಆದರೂ ಮದಕರಿ ನಾಯಕನ ಕೊನೆಯ ದಿನಗಳ ಪುಟಗಳನ್ನು ನಿಧಾನವಾಗಿ ತಿರುಗಿಸುವವರನ್ನು ನಾನು ನೋಡಿದ್ದೇನೆ. ಎರಡನೆಯ ಸಲಕ್ಕೆ ವರ್ಷವಾದರೂ ಬಿಡುವು ಕೊಡಿ, ಹಳೆಯ ಹಾಳೆಯನ್ನು ತೆಗೆದಿಡಿ, ಅಳು ಬೇರೆ ಜಾಗಕ್ಕೆ ಸರಿದಿದೆಯೇ ನೋಡಿ. ಮೊದಲೆರಡು ಸಲ ನಾನು ಗಮನಿಸಿಯೇ ಇರದ ಕಟ್ಟಕಡೆಯ ಚಿತ್ರಿಕೆ, ಮನೆಗೆ ಬಂದ ಸ್ಯಾಮ್ ಹೆಂಡತಿ ಮಕ್ಕಳೊಡನೆ ಒಳಗೆ ಹೋದ ಮೇಲೆ ಮುಚ್ಚಿಕೊಳ್ಳುವ ಹಳದಿ ಬಣ್ಣದ ಗುಂಡು ಬಾಗಿಲು, ಈಗ ನನ್ನನ್ನು ಹೆಚ್ಚು ಕಾಡುತ್ತದೆ.

ಕಳೆದ ಸಲ ಮಾವನೂ ಬಂದಿದ್ದರು. ಚಳ್ಳಕೆರೆ ಕಡೆ ಈರುಳ್ಳಿ, ಶೇಂಗಾ ಬೆಳೆಯುವವರು, ಸುಲಭಕ್ಕೆ ಕರಗುವವರಲ್ಲ. ಈ ಬಾರಿ ಸ್ವಿಚ್ಚಿನ ಹತ್ತಿರ ಹೋಗದೆ ಕೊನೆಯ ಹೆಸರು ಓಡುವವರೆಗೂ ಕೂತಿದ್ದರು. ನಾನು ಒಂದು ಲೋಟ ನೀರು ತಂದು ಅವರ ಪಕ್ಕದಲ್ಲಿಟ್ಟು, ಎಲ್ಲಿ ತಟ್ಟಿತು ಮಾವ, ಎಂದು ಮೆಲ್ಲಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಅದಿರ್ಲಿ, ಆ ಕುಂಬಳಕಾಯಿ ಎಷ್ಟು ಕೇಜಿ ಇದ್ದೀತು?” ಎಂದರು.