ಹನ್ನೊಂದು ಮರಕ್ಕೆ ಇನ್ನೂರು ರೂಪಾಯಿ

ಹನ್ನೊಂದು ವರ್ಷ ನಾನು ಬೇರೆಯವರ ಹಣ ವಸೂಲು ಮಾಡಿದವಳು. ಮಂಗಳೂರಿನ ಒಂದು ಸಗಟು ಅಂಗಡಿಯ ಲೆಕ್ಕದ ಕೋಣೆಯಲ್ಲಿ ಕುಳಿತು, ಪುತ್ತೂರು, ಬಂಟ್ವಾಳ, ಉಪ್ಪಳದ ಚಿಲ್ಲರೆ ವ್ಯಾಪಾರಿಗಳಿಗೆ ಫೋನು ಮಾಡಿ, "ಕಳೆದ ತಿಂಗಳ ಬಾಕಿ ಹಾಗೆಯೇ ನಿಂತಿದೆಯಲ್ಲ" ಎಂದು ಎಳ್ಳಷ್ಟೂ ಮುಜುಗರವಿಲ್ಲದೆ ಕೇಳುತ್ತಿದ್ದೆ. ಅದೇ ನಾಲಿಗೆ, ನಾನೇ ಹತ್ತಿ ಇಳಿದ ಹನ್ನೊಂದು ತೆಂಗಿನ ಮರಗಳ ಕೂಲಿ ಕೇಳಬೇಕಾಗಿ ಬಂದಾಗ ಹೊರಳಲಿಲ್ಲ. "ನೀವು ಕೊಟ್ಟಷ್ಟು" ಎಂದುಬಿಟ್ಟೆ. ಮರಗಳ ಯಜಮಾನರು ಇನ್ನೂರು ರೂಪಾಯಿ, ಎರಡು ಕಾಯಿ, ಒಂದು ಲೋಟ ಚಹಾ ಕೊಟ್ಟರು. ಮರಕ್ಕೆ ನಲವತ್ತರಂತೆ ನಾನೂರ ನಲವತ್ತು ಆಗಬೇಕಿತ್ತು. ಬಿ.ಕಾಂ. ಓದಿದವಳಿಗೆ ಈ ಗುಣಾಕಾರ ಬಾರದೆ ಇರಲಿಲ್ಲ.

ನನ್ನ ಊರು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರದ ಪೂರ್ವಕ್ಕೆ, ಮೀಂಜ ಪಂಚಾಯತಿನ ಕಡೆ. ಬೆಳಿಗ್ಗೆ ಬಸ್ಸಿನಲ್ಲಿ ಹೊಸಂಗಡಿಗೆ ಬಂದು, ಮಂಜೇಶ್ವರದಲ್ಲಿ ರೈಲು ಹತ್ತಿ, ನೇತ್ರಾವತಿ ಸೇತುವೆಯ ಸದ್ದು ಕೇಳಿದೊಡನೆ ಬಾಗಿಲ ಬಳಿ ಎದ್ದು ನಿಲ್ಲುವುದು ನಮ್ಮ ದಿನಚರಿ. ನಮ್ಮ ಎಂದರೆ ಒಂದೇ ಬೋಗಿಯಲ್ಲಿ ವರ್ಷಗಟ್ಟಲೆ ಕೂತ ಹತ್ತು ಹನ್ನೆರಡು ಹೆಂಗಸರದು. ಆಸ್ಪತ್ರೆ, ಜವಳಿ ಅಂಗಡಿ, ಕಾಲೇಜು, ಎಲ್ಲಕ್ಕೂ ನಮಗೆ ಮಂಗಳೂರೇ. ಬೇರೆ ರಾಜ್ಯಕ್ಕೆ ಕೆಲಸಕ್ಕೆ ಹೋಗುತ್ತಿದ್ದೇವೆ ಎಂದು ಯಾರಿಗೂ ಅನಿಸಿದ್ದಿಲ್ಲ. 1956ರ ನವೆಂಬರ್ 1ರಂದು ಎಳೆದ ಗೆರೆ ನಿಜಕ್ಕೂ ಇದೆ ಎಂದು ನನಗೆ ಗೊತ್ತಾದದ್ದು 2020ರ ಮಾರ್ಚ್ ಕೊನೆಯ ವಾರದಲ್ಲಿ. ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಆಮೇಲೆ ಪಾಸು ಎಂದರು, ಇಲ್ಲ ಎಂದರು, ಮತ್ತೆ ಇದೆ ಎಂದರು. ಅಷ್ಟರಲ್ಲಿ ಅಂಗಡಿಯವರು ಗಡಿಯ ಆ ಕಡೆಯೇ ಇರುವ ಒಬ್ಬ ಹುಡುಗನನ್ನು ನನ್ನ ಕುರ್ಚಿಯಲ್ಲಿ ಕೂರಿಸಿದ್ದರು. ಅವರನ್ನು ದೂರುವುದಿಲ್ಲ, ಮಾರ್ಚ್ ತಿಂಗಳ ಲೆಕ್ಕ ಯಾರಿಗಾಗಿಯೂ ಕಾಯುವುದಿಲ್ಲ. ಎರಡು ತಿಂಗಳ ಸಂಬಳ ಮಾತ್ರ ಬರಲೇ ಇಲ್ಲ, ಅದನ್ನು ದೂರುತ್ತೇನೆ.

ಮುಂದಿನ ಒಂದೂವರೆ ವರ್ಷದ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಉಪ್ಪಿನಕಾಯಿ ಮಾಡಿದೆ, ನೆಂಟರೇ ಕೊಂಡರು, ಅವರಿಗೂ ಸಾಕಾಯಿತು. ಮನೆಯಲ್ಲೇ ಕುಳಿತು ಡೇಟಾ ಎಂಟ್ರಿ ಮಾಡಬಹುದು ಎಂದು ಮೊಬೈಲಿನಲ್ಲಿ ಬಂದ ಜಾಹೀರಾತನ್ನು ನಂಬಿ ಎರಡು ಸಾವಿರದ ಎಂಟುನೂರು ರೂಪಾಯಿ ನೋಂದಣಿ ಶುಲ್ಕ ಕಟ್ಟಿ ಕಳೆದುಕೊಂಡೆ. ವಸೂಲಿ ವಿಭಾಗದವಳೇ ಮೋಸ ಹೋದದ್ದು ಗಂಡನಿಗೆ ಇವತ್ತಿಗೂ ತಮಾಷೆ.

ಮರ ಹತ್ತುವ ಯೋಚನೆ ಬಂದದ್ದು ದನದ ಹಟ್ಟಿಯ ಶೀಟು ಒಡೆದ ದಿನ. ನಮ್ಮ ಮರಗಳನ್ನು ಹತ್ತುತ್ತಿದ್ದ ಹಿರಿಯರಿಗೆ ಮಂಡಿ ನೋವು. ಅವರ ಇಬ್ಬರು ಮಕ್ಕಳು ಕೊಲ್ಲಿಯಲ್ಲಿ. ನಲವತ್ತೈದು ದಿನಕ್ಕೊಮ್ಮೆ ಆಗಬೇಕಾದ ಕೊಯ್ಲು ನಾಲ್ಕು ತಿಂಗಳಾದರೂ ಆಗಿರಲಿಲ್ಲ. ಒಣಗಿದ ಕಾಯಿ ತಾನಾಗಿ ಬಿದ್ದು ಶೀಟು ಒಡೆಯಿತು, ದನ ಬದುಕಿತು. ಅಕ್ಕಪಕ್ಕದ ಮನೆಗಳಲ್ಲಿಯೂ ಇದೇ ಪಾಡು: ಮರದಲ್ಲಿ ಕಾಯಿ, ಅಡುಗೆಗೆ ಅಂಗಡಿಯ ಕಾಯಿ. ಲೆಕ್ಕ ಬರೆದವರಿಗೆ ಇದೊಂದು ಚಟ, ಬಾಕಿ ಎಲ್ಲಿ ನಿಂತಿದೆ ಎಂದು ಕಣ್ಣು ತಾನೇ ಹುಡುಕುತ್ತದೆ.

ತೆಂಗು ಅಭಿವೃದ್ಧಿ ಮಂಡಳಿಯ ಒಂದು ತರಬೇತಿ ಇದೆ. ಕೇರಳದಲ್ಲಿ 2011ರಲ್ಲಿ ಆರಂಭವಾದದ್ದು, ಮಲಯಾಳದಲ್ಲಿ 'ತೆಂಗಿನ್ ಚಂಙಾದಿಕೂಟ್ಟಂ', ಅಂದರೆ ತೆಂಗಿನ ಗೆಳೆಯರ ಬಳಗ. ಆರು ದಿನ ಕಲಿಸುತ್ತಾರೆ, ಮರ ಹತ್ತುವ ಯಂತ್ರವನ್ನು ಉಚಿತವಾಗಿ ಕೊಡುತ್ತಾರೆ. ಕಾಸರಗೋಡಿನವರಿಗೆ ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಪೇಟೆಗಿಂತ ಸ್ವಲ್ಪ ಮೊದಲು ಹೆದ್ದಾರಿಯ ಬದಿಯಲ್ಲೇ, ಕೂಡ್ಲುವಿನಲ್ಲಿ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಹುಟ್ಟಿದ ಜಾಗ. ಕಾಸರಗೋಡಿಗೆ ಹೋಗುವಾಗಲೆಲ್ಲ ಅದರ ಗೇಟನ್ನು ಬಸ್ಸಿನಿಂದ ನೋಡಿದ್ದೆ. ಒಳಗೆ ನನಗೆ ಬೇಕಾದದ್ದು ಏನೂ ಇರಲಾರದು ಎಂದುಕೊಂಡಿದ್ದೆ.

2022ರ ಫೆಬ್ರವರಿಯಲ್ಲಿ ಸೇರಿದೆ. ಇಪ್ಪತ್ತು ಮಂದಿಯ ತಂಡ, ಹೆಂಗಸರು ನಾವು ಆರು. ಅಮ್ಮ ಕೇಳಿದ್ದು ಒಂದೇ ಮಾತು: "ಓದಿಸಿದ್ದು ಇದಕ್ಕೆಯೇ?" ಈ ಕೆಲಸ ಇಂಥವರದು, ಇಂಥವರದಲ್ಲ ಎಂದು ಊರು ಎಂದೋ ನಿಶ್ಚಯಿಸಿ ಇಟ್ಟಿದೆಯಲ್ಲ, ಅಮ್ಮನ ಪ್ರಶ್ನೆಯಲ್ಲಿ ಅದೂ ಇತ್ತು. ನಾನು ಉತ್ತರ ಕೊಡಲಿಲ್ಲ, ಇದ್ದಿದ್ದರೆ ತಾನೇ.

ಯಂತ್ರದ ವಿಷಯ ಹೇಳಬೇಕು, ಏಕೆಂದರೆ ನೋಡಿದವರೆಲ್ಲ ಅದೇ ಮೇಲೆ ಎತ್ತಿಕೊಂಡು ಹೋಗುತ್ತದೆ ಎಂದು ತಿಳಿದಿರುತ್ತಾರೆ. ಮೋಟಾರು ಏನೂ ಇಲ್ಲ. ಎಡಕ್ಕೊಂದು, ಬಲಕ್ಕೊಂದು, ಎರಡು ಕಬ್ಬಿಣದ ಚೌಕಟ್ಟು. ಕೆಳಗೆ ಪಾದ ಇಡುವ ಜಾಗ, ಮೇಲೆ ಹಿಡಿ, ಮರವನ್ನು ಸುತ್ತುವ ಉಕ್ಕಿನ ಹಗ್ಗ. ಪಾದದ ಮೇಲೆ ಭಾರ ಬಿದ್ದಾಗ ಹಗ್ಗ ಮರವನ್ನು ಕಚ್ಚಿ ಹಿಡಿಯುತ್ತದೆ, ಭಾರ ತೆಗೆದರೆ ಸಡಿಲುತ್ತದೆ. ಒಂದು ಕಾಲಿನಲ್ಲಿ ನಿಂತು ಇನ್ನೊಂದನ್ನು ಕೈಯಿಂದ ಮೇಲಕ್ಕೆ ಎತ್ತುವುದು, ಅದರ ಮೇಲೆ ನಿಂತು ಇದನ್ನು ಎತ್ತುವುದು. ಅಷ್ಟೇ. ಈ 'ಅಷ್ಟೇ' ನನಗೆ ಮೈಗೂಡಲು ಆರು ದಿನ ಸಾಲಲಿಲ್ಲ.

ಮೊದಲ ದಿನ ನೆಲದಿಂದ ಒಂದಾಳು ಎತ್ತರ ಹೋಗಿ ಇಳಿದೆ. ಎರಡನೆಯ ದಿನ ಬಸ್ಸಿನ ಮಾಡಿನಷ್ಟು ಎತ್ತರದಲ್ಲಿ ಸಿಕ್ಕಿಕೊಂಡೆ. ಭಯ ಎಲ್ಲರಿಗೂ ಇರುತ್ತದೆ, ಅದರ ಬಗ್ಗೆ ಹೇಳಲು ವಿಶೇಷವಿಲ್ಲ. ಸಿಕ್ಕಿಕೊಳ್ಳಲು ಕಾರಣ ಬೇರೆ. ಮೇಲೆ ಹೋದಂತೆ ಕಾಂಡ ಸಪೂರವಾಗುತ್ತದೆ, ಹಗ್ಗದ ಸುತ್ತನ್ನು ಅದಕ್ಕೆ ತಕ್ಕಂತೆ ಬಿಗಿಮಾಡಬೇಕು. ಮಾಡದಿದ್ದರೆ ಪಾದ ಮುಂದಕ್ಕೆ ವಾಲಿ ಮೊಣಕಾಲು ಕಾಂಡಕ್ಕೆ ತಾಗುತ್ತದೆ. ನಾನು ಗಾಬರಿಯಿಂದ ತೋಳಿನಲ್ಲಿ ಮರವನ್ನು ತಬ್ಬಿದೆ, ತಬ್ಬಿದಷ್ಟೂ ಕಾಲಿನ ಭಾರ ಕಡಿಮೆಯಾಗಿ ಹಗ್ಗ ಇನ್ನಷ್ಟು ಸಡಿಲಾಯಿತು. ಕಲಿಸುವವರು ಕೆಳಗಿನಿಂದ ಕೂಗಿದ್ದು, "ಕೈ ಬಿಡಿ, ಕಾಲಿಗೆ ಕೊಡಿ" ಎಂದು. ಹನ್ನೊಂದು ವರ್ಷ ಕುರ್ಚಿಗೆ ಒಪ್ಪಿಸಿದ್ದ ಕಾಲು. ಆ ರಾತ್ರಿ ತೊಡೆ ನೋವಿಗೆ ನಿದ್ದೆ ಬರಲಿಲ್ಲ, ಅಂಗೈಯಲ್ಲಿ ನಾಲ್ಕು ಬೊಕ್ಕೆ.

ಪಾಠಗಳು ಮಲಯಾಳದಲ್ಲಿ. ಆಡುವುದು ನಮಗೆ ಅರ್ಥವಾಗುತ್ತದೆ, ಗಡಿಯವರಲ್ಲವೇ. ಆದರೆ ರೋಗ, ಕೀಟಗಳ ಹೆಸರು ಬಂದಾಗ ಕನ್ನಡ ಶಾಲೆಯಲ್ಲಿ ಕಲಿತವರು ಮುಖ ಮುಖ ನೋಡಿಕೊಂಡೆವು. ಕೊಂಬನ್ ಚೆಲ್ಲಿ ಎಂದರೆ ಸುಳಿ ಕೊರೆಯುವ ಕೊಂಬಿನ ದುಂಬಿ, ಚೆಂಬನ್ ಚೆಲ್ಲಿ ಎಂದರೆ ಕೆಂಪು ಮೂತಿ ಹುಳು, ಕೂಂಬು ಚೀಯಲ್ ಎಂದರೆ ಸುಳಿ ಕೊಳೆ. ನನ್ನ ಪುಸ್ತಕದಲ್ಲಿ ಎರಡು ಕಾಲಮು ಮಾಡಿ ಬರೆದುಕೊಂಡೆ, ಎಡಕ್ಕೆ ಅವರದು, ಬಲಕ್ಕೆ ನಮ್ಮದು. ಪೈವಳಿಕೆಯಿಂದ ಬಂದಿದ್ದ ಇಬ್ಬರು ಹುಡುಗರು ಸಂಜೆ ಅದನ್ನು ನಕಲು ಮಾಡಿಕೊಂಡರು. ಕೆಲವು ಕಡೆ ನಾನೂ ತಪ್ಪು ಬರೆದಿದ್ದೆ, ಅದೂ ನಕಲಾಯಿತು.

ನನಗೆ ನಿಜಕ್ಕೂ ಹಿಡಿಸಿದ್ದು ನಾಲ್ಕನೆಯ ದಿನ. ಮರದ ತಲೆಯ ಹತ್ತಿರ ಹೋಗಿ ಗೊನೆ ಗುರುತಿಸುವುದು. ಚೆನ್ನಾಗಿರುವ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಹಿಂಗಾರ ಬಿಡುತ್ತದೆ. ಅರಳಿದ ಹಿಂಗಾರ ಕಾಯಾಗಿ ಬಲಿಯಲು ಸುಮಾರು ಹನ್ನೆರಡು ತಿಂಗಳು. ಹಾಗಾಗಿ ಮೇಲೆ ಹೋದರೆ ಈ ತಿಂಗಳದ್ದು, ಕಳೆದ ತಿಂಗಳದ್ದು, ಅದರ ಹಿಂದಿನದ್ದು, ಎಲ್ಲವೂ ಸುತ್ತಲೂ ಸಾಲಾಗಿ ಕಾಣುತ್ತವೆ. ಏಳು ತಿಂಗಳದ್ದು ಬೊಂಡಕ್ಕೆ, ಅಂದರೆ ಎಳನೀರಿಗೆ, ಹನ್ನೆರಡರದ್ದು ಕೊಯ್ಲಿಗೆ. ವರ್ಷದ ಖಾತೆ ಪುಸ್ತಕವನ್ನು ಯಾರೋ ಬಿಡಿಸಿ ನೇತುಹಾಕಿದಂತೆ. ಒಂದು ತಿಂಗಳ ಪುಟ ಖಾಲಿ ಇದ್ದರೆ ಆಗ ಏನೋ ಆಗಿದೆ ಎಂದು ಅರ್ಥ. ನೆಲದ ಮೇಲೆ ನಿಂತು ಅರವತ್ತು ವರ್ಷ ಮರ ಸಾಕಿದವರಿಗೂ ಇದು ಕಾಣುವುದಿಲ್ಲ.

ತರಬೇತಿ ಮುಗಿಸಿ ಬಂದ ಮೇಲೆ ಎರಡು ತಿಂಗಳು ನಮ್ಮ ಮನೆಯ ಎಂಟು ಮರಗಳನ್ನೇ ಹತ್ತಿ ಇಳಿದೆ. ದಿನಕ್ಕೆ ನಾಲ್ಕು, ಆಮೇಲೆ ಎಂಟು. ಯಾರೂ ನೋಡದ ಹೊತ್ತು, ಬೆಳಗಿನ ಆರಕ್ಕೆ. ಚಗಳಿ ಇರುವೆಯನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ಚೂಡಿದಾರದ ತೋಳಿನೊಳಗೆ ಅದು ಹೊಕ್ಕಾಗ ಎರಡೂ ಕೈ ಬಿಡುವಂತಿಲ್ಲ, ಹಲ್ಲು ಕಚ್ಚಿ ಇಳಿಯಬೇಕು. ಈಗ ಗಂಡನ ಹಳೆಯ ಉದ್ದ ತೋಳಿನ ಅಂಗಿ ಹಾಕಿ, ಮಣಿಕಟ್ಟಿಗೆ ರಬ್ಬರು ಬಿಗಿದುಕೊಳ್ಳುತ್ತೇನೆ.

ಆಮೇಲೆ ಆ ಹನ್ನೊಂದು ಮರಗಳ ಮನೆ. ಅವರು ಕೆಟ್ಟವರೇನಲ್ಲ. ನನ್ನನ್ನು ಎತ್ತಿ ಆಡಿಸಿದವರು. ತೊಂದರೆ ಇದ್ದದ್ದೇ ಅಲ್ಲಿ. ಫೋನಿನ ಆ ಬದಿಯಲ್ಲಿ ಮುಖ ಕಾಣದ ವ್ಯಾಪಾರಿಯನ್ನು ಕೇಳುವುದು ಬೇರೆ, ಮದುವೆಯಲ್ಲಿ ತಲೆಗೆ ಅಕ್ಷತೆ ಹಾಕಿದವರ ಅಂಗಳದಲ್ಲಿ ಕೈ ಚಾಚುವುದು ಬೇರೆ. ಅದರ ಮೇಲೆ ಹೆಂಗಸು ಎಂಬ ಕಾರಣಕ್ಕೆ ಅವರಿಗೆ ನಾನು ಮಾಡಿದ್ದು ಸಾಹಸವಾಗಿ ಕಂಡಿತ್ತು, ಕೆಲಸವಾಗಿ ಕಾಣಲಿಲ್ಲ. ಸಾಹಸಕ್ಕೆ ಹೊಗಳಿಕೆ ಸಿಗುತ್ತದೆ. ಮೂರು ಮನೆಗಳಲ್ಲಿ ಹೀಗೆಯೇ ಆಯಿತು. ಒಬ್ಬರು ಫೋಟೋ ತೆಗೆದು ಊರಿಗೆಲ್ಲ ಕಳಿಸಿದರು, ಕೂಲಿ "ಮುಂದಿನ ಸಲ ಒಟ್ಟಿಗೆ" ಎಂದರು.

ಒಂದು ರಾತ್ರಿ ಕುಳಿತು ನಿಜವಾದ ಲೆಕ್ಕ ಹಾಕಿದೆ. ಸ್ಕೂಟರಿನ ಪೆಟ್ರೋಲು, ಸವೆಯುವ ಹಗ್ಗ, ಕತ್ತಿ ಮಸೆಯುವುದು, ನೋವಿನ ಎಣ್ಣೆ, ಮರ ಹತ್ತುವವರು ವರ್ಷ ವರ್ಷ ನವೀಕರಿಸಬೇಕಾದ ಕೇರ ಸುರಕ್ಷಾ ಅಪಘಾತ ವಿಮೆ. ನಾನು ಮರವೊಂದಕ್ಕೆ ಕೈಯಿಂದ ಹಣ ಹಾಕಿ ಊರ ಸೇವೆ ಮಾಡುತ್ತಿದ್ದೆ. ಮರುದಿನ ಉಪ್ಪಳಕ್ಕೆ ಹೋಗಿ ಬಿಲ್ ಪುಸ್ತಕ ಅಚ್ಚು ಹಾಕಿಸಿದೆ. ಕನ್ನಡದಲ್ಲಿ. ಮೇಲೆ ನನ್ನ ಹೆಸರು, ಕೆಳಗೆ ಕೊಯ್ಲು, ತಲೆ ಸ್ವಚ್ಛತೆ, ಮದ್ದು ಇಡುವುದು ಎಂದು ಮೂರು ಸಾಲು, ಪ್ರತಿಯೊಂದರ ದರ ಮೊದಲೇ ಮುದ್ರಿತ.

ಅದನ್ನು ಕಂಡವರು ನಕ್ಕರು. ತೆಂಗಿನಕಾಯಿ ಕೊಯ್ಯುವುದಕ್ಕೂ ಬಿಲ್ಲೇ? ನಗಲಿ. ಇಳಿದು, ಮುಖ ತೊಳೆದು, ಜಗಲಿಯ ತುದಿಯಲ್ಲಿ ಕುಳಿತು ಬರೆದು, ಹರಿದು ಅವರ ಕೈಯಲ್ಲಿ ಇಟ್ಟರೆ ನಾನು ಬಾಯಿ ತೆರೆಯಬೇಕಾಗಿಲ್ಲ. ಕೇಳುವುದು ಕಾಗದ. ಅಕ್ಷತೆ ಹಾಕಿದವರೂ ಕಾಗದ ಓದಿ ಒಳಗೆ ಹೋಗಿ ಹಣ ತಂದರು. ಬೇರೆಯವರಿಗೆ ಇದು ಹೇಡಿತನ ಎನಿಸಬಹುದು. ನನಗೆ ಕೆಲಸ ಉಳಿಸಿಕೊಟ್ಟದ್ದು ಅದೇ.

ಇನ್ನೊಂದು ಅಭ್ಯಾಸ ಮಾಡಿಕೊಂಡೆ. ಹೊಸ ತೋಟಕ್ಕೆ ಹೋದಾಗ ಸುಣ್ಣದಲ್ಲಿ ಮರಗಳಿಗೆ ಸಂಖ್ಯೆ ಬರೆಯುತ್ತೇನೆ. ಪುಸ್ತಕದಲ್ಲಿ ಪ್ರತಿ ಮರಕ್ಕೆ ಒಂದು ಸಾಲು: ತಾರೀಖು, ಎಷ್ಟು ಕಾಯಿ, ಮೇಲೆ ಏನು ಕಂಡಿತು. ವರ್ಕಾಡಿಯ ಒಂದು ತೋಟದಲ್ಲಿ ಹದಿನಾಲ್ಕನೆಯ ಮರ ಹದಿನಾರು ಕಾಯಿಯಿಂದ ಹನ್ನೊಂದಕ್ಕೆ, ಅಲ್ಲಿಂದ ಆರಕ್ಕೆ ಇಳಿಯಿತು. ಗರಿಗಳಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ತ್ರಿಕೋನದ ಗುರುತು, ಕೊಂಬನ್ ಚೆಲ್ಲಿ. ಕೊಕ್ಕೆಯ ಕಂಬಿಯಿಂದ ಎರಡು ದುಂಬಿ ಎಳೆದು ತೆಗೆದೆ, ಸುಳಿಯ ಸುತ್ತಲಿನ ಗರಿಗಳ ಕಂಕುಳಗಳಿಗೆ ಬೇವಿನ ಹಿಂಡಿ ಮತ್ತು ಮರಳನ್ನು ಸಮಪಾಲು ಬೆರೆಸಿ ತುಂಬಿದೆ. ಅವರ ಗೊಬ್ಬರದ ಗುಂಡಿಯನ್ನು ಮಗುಚಿ ಹಾಕಲೂ ಹೇಳಿದೆ, ಏಕೆಂದರೆ ದುಂಬಿಯ ಮರಿಗಳು ಬೆಳೆಯುವುದು ಅಲ್ಲಿ. ಮರ ಚೇತರಿಸಿತು. ಅದೇ ತೋಟದ ಇಪ್ಪತ್ತೊಂದನೆಯದನ್ನು ಉಳಿಸಲಾಗಲಿಲ್ಲ. ಕಾಂಡದ ತೂತಿನಿಂದ ಕಂದು ರಸ ಸೋರುತ್ತಿತ್ತು, ಕಿವಿಯಿಟ್ಟರೆ ಒಳಗೆ ಅಗಿಯುವ ಸದ್ದು. ಕೆಂಪು ಮೂತಿ ಹುಳು ಒಳಗೆಲ್ಲ ತಿಂದ ಮೇಲೆ ನಮ್ಮ ಕಣ್ಣಿಗೆ ಬಿದ್ದಿತ್ತು. ನಾನೇ ಅದನ್ನು ಎರಡು ಕೊಯ್ಲು ಮೊದಲು ನೋಡಬೇಕಿತ್ತು. ಆ ದಿನ ಮಳೆ ಬರುವ ಮೊದಲು ಮುಗಿಸುವ ಅವಸರದಲ್ಲಿ ಕಾಯಿ ಎಣಿಸಿ ಇಳಿದಿದ್ದೆ. ಪುಸ್ತಕದಲ್ಲಿ ಆ ಸಾಲಿನ ಕೊನೆಯ ಚೌಕ ಖಾಲಿ ಇದೆ.

ಮಳೆಗಾಲದ ಬಗ್ಗೆ ಯಾರೂ ಮುಂಚೆ ಹೇಳಿರಲಿಲ್ಲ, ಅಥವಾ ಹೇಳಿದ್ದು ನನ್ನ ತಲೆಗೆ ಹೋಗಿರಲಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಾಚಿ ಕಟ್ಟಿದ ಕಾಂಡದ ಮೇಲೆ ಹಗ್ಗ ಕಚ್ಚುವುದಿಲ್ಲ. ಮೊದಲ ವರ್ಷ ಹಟ ಮಾಡಿ ಹತ್ತಿದೆ. ಬಲಗಾಲಿನ ಚೌಕಟ್ಟು ಎರಡು ಅಡಿ ಜಾರಿತು, ಸೊಂಟದ ಬೆಲ್ಟು ಹಿಡಿಯಿತು, ಮೊಣಕಾಲಿನ ಕೆಳಗಿನ ಚರ್ಮ ಮರದಲ್ಲೇ ಉಳಿಯಿತು. ಈಗ ಆ ಮೂರು ತಿಂಗಳು ಹೊಸಂಗಡಿಯ ಎರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುತ್ತೇನೆ. ಹೊಸ ವೃತ್ತಿಯಿಂದಲೇ ಸಂಪೂರ್ಣ ಬದುಕುತ್ತಿದ್ದೇನೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮಂಗಳೂರಿನಲ್ಲಿ ಹದಿನಾಲ್ಕೂವರೆ ಸಾವಿರ ಬರುತ್ತಿತ್ತು. ಒಳ್ಳೆಯ ತಿಂಗಳಲ್ಲಿ ಈಗ ಅದಕ್ಕಿಂತ ಹೆಚ್ಚು, ಮಳೆಗಾಲದಲ್ಲಿ ಅರ್ಧಕ್ಕಿಂತ ಕಡಿಮೆ.

ಅಡಿಕೆಗೂ ಬನ್ನಿ ಎಂದು ಕರೆಯುತ್ತಾರೆ. ನಮ್ಮ ಕಡೆ ಅಡಿಕೆಯೇ ಹಣ. ಕಾರ್ಬನ್ ಫೈಬರಿನ ದೋಟಿ, ಅಂದರೆ ಕೊಯ್ಲಿನ ಉದ್ದ ಕೋಲು, ಬಂದ ಮೇಲೆ ನೆಲದಲ್ಲೇ ನಿಂತು ಕೊಯ್ಯಬಹುದು, ಕೊಳೆರೋಗಕ್ಕೆ ಬೋರ್ಡೋ ಮದ್ದನ್ನೂ ಬಿಡಬಹುದು. ಕಳೆದ ವರ್ಷ ಅದನ್ನೂ ಒಂದಿಷ್ಟು ಕಲಿತೆ. ಆದರೆ ಹಗುರ ಎಂದು ಹಿಗ್ಗುವವರು ಅದರಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನು ಮರೆಯುತ್ತಾರೆ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ನಾನು ದೋಟಿ ಬಿಚ್ಚುವುದೇ ಇಲ್ಲ, ಯಜಮಾನರು ಎಷ್ಟೇ ಮುಖ ಸಣ್ಣದು ಮಾಡಲಿ.

ದರ ಈಗ ಅರವತ್ತು. ಬರುವ ಮಂಗಳವಾರ ಬಾಯಾರಿನಲ್ಲಿ ಇಪ್ಪತ್ತಾರು ಮರಗಳಿವೆ. ಅದರಲ್ಲಿ ಎರಡು ಬಾಗಿ ಬೆಳೆದವು, ಬಾಗಿದ ಮರಕ್ಕೆ ಯಂತ್ರ ಸರಿಯಾಗಿ ಕೂರುವುದಿಲ್ಲ. ಇಪ್ಪತ್ತನಾಲ್ಕಕ್ಕೆ ಮಾತ್ರ ಬರುತ್ತೇನೆ, ಒಂದು ಸಾವಿರದ ನಾನೂರ ನಲವತ್ತು ಆಗುತ್ತದೆ ಎಂದು ನಿನ್ನೆ ಫೋನಿನಲ್ಲೇ ಹೇಳಿದ್ದೇನೆ. "ನೀವೊಮ್ಮೆ ಬಂದು ನೋಡಿ, ಆಮೇಲೆ ಮಾತಾಡುವ" ಎಂದರು. ಬರುವುದಕ್ಕೆ ಮೊದಲೇ ಮಾತಾಡುವ ಎಂದೆ.