‘ಇಟ್ ಸೀಮ್ಸ್’ ಅಂದರೆ ‘ಅಂತೆ’ ಅಲ್ಲ

8 ವರ್ಷದ ಹಿಂದಿನ ಮಾತು. ಬೆಂಗಳೂರಿನ ಒಂದು ಸಣ್ಣ ರಫ್ತು ಕಂಪನಿಯಲ್ಲಿ ನನಗೆ ಮೊದಲ ಕೆಲಸ. ಇಂಗ್ಲೆಂಡಿನ ಗ್ರಾಹಕರಿಗೆ ಒಂದು ಮೇಲ್ ಬರೆದೆ: ‘ದ ಗೂಡ್ಸ್ ಹ್ಯಾವ್ ಲೆಫ್ಟ್ ದ ಪೋರ್ಟ್, ಇಟ್ ಸೀಮ್ಸ್.’ ಮನಸ್ಸಿನಲ್ಲಿ ಇದ್ದದ್ದು ‘ಸರಕು ಹೊರಟಿತಂತೆ’. ಏಜೆಂಟರು ಆಗಷ್ಟೇ ಫೋನ್ ಮಾಡಿ ಹೇಳಿದ್ದರು, ಸುದ್ದಿ ಖಚಿತವಾಗಿತ್ತು. ಆ ಕಡೆಯವರು ಮಾತ್ರ ಗಾಬರಿಯಾದರು. ಹೊರಟಿದೆಯೋ ಇಲ್ಲವೋ ನಿಮಗೇ ಗೊತ್ತಿಲ್ಲವೇ ಎಂದು ಕೇಳಿದರು. ಮೂರು ಮೇಲ್ ಬರೆದು ಸಮಾಧಾನ ಮಾಡಿದೆ.

‘ಅಂತೆ’ ಹೇಳುವುದು ಇಷ್ಟೇ: ಇದು ನಾನು ಕಂಡದ್ದಲ್ಲ, ಕೇಳಿದ್ದು. ಅದರಲ್ಲಿ ಅನುಮಾನ ಇರಲೇಬೇಕು ಅಂತೇನಿಲ್ಲ. ‘ಸೀಮ್’ ಹಾಗಲ್ಲ. ನನಗೆ ಹೀಗೆ ತೋರುತ್ತಿದೆ, ಪೂರ್ತಿ ಖಾತ್ರಿ ಇಲ್ಲ ಅನ್ನುತ್ತದೆ. ಬೆಂಗಳೂರಲ್ಲಿ ‘ಹಿ ಈಸ್ ಕಮಿಂಗ್, ಇಟ್ ಸೀಮ್ಸ್’ ಅಂದರೆ ‘ಬರ್ತಾನಂತೆ’ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ತಮಿಳು, ತೆಲುಗಿನವರಿಗೂ ಅಷ್ಟೇ, ಅವರ ಭಾಷೆಯಲ್ಲೂ ಇಂಥದ್ದೇ ಬಾಲ ಇದೆ. ಅದನ್ನು ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ. ಗೆಳೆಯರ ಜೊತೆ ಈಗಲೂ ಹಾಗೇ ಮಾತಾಡುತ್ತೇನೆ. ಹೊರಗಿನವರಿಗೆ ಬರೆಯುವಾಗ ಬಿಟ್ಟೆ.

ಬಿಡೋಕೆ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಮನೆಯಲ್ಲಿ ಆಡುವ ಮಾತು ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ. ‘ಮಾವ ಊರಿಗೆ ಹೋದರಂತೆ.’ ಹೇಳಿದ್ದು ಯಾರು? ಅತ್ತೆ. ಹಾಗಾದರೆ ‘ಮೈ ಆಂಟ್ ಟೋಲ್ಡ್ ಮಿ’ ಅಂತಲೇ ಬರೆಯಬೇಕು. ಯಾರು ಹೇಳಿದರು ಅನ್ನುವುದು ಬೇಡವಾದರೆ ‘ಐ ಹಿಯರ್’ ಸಾಕು. ‘ಮಳೆ ಬರೋ ಹಾಗಿದೆ.’ ಮೋಡ ಕಣ್ಣೆದುರಿಗೇ ಇದೆ, ‘ಇಟ್ ಲುಕ್ಸ್ ಲೈಕ್ ರೇನ್’. ‘ಮನೇಲಿ ಯಾರೂ ಇಲ್ಲ ಕಾಣುತ್ತೆ.’ ಬಾಗಿಲಲ್ಲಿ ಚಪ್ಪಲಿ ಇಲ್ಲ, ಒಳಗೆ ದೀಪ ಇಲ್ಲ, ಅದಕ್ಕೇ ಹೀಗೆ ಅಂದುಕೊಂಡೆ. ಇಲ್ಲಿ ‘ಸೀಮ್’ ಸರಿಯಾಗಿ ಕೂರುತ್ತದೆ: ‘ದೇರ್ ಸೀಮ್ಸ್ ಟು ಬಿ ನೋ ಒನ್ ಅಟ್ ಹೋಮ್.’ ಅದರ ನೆಂಟರು ನಮ್ಮ ‘ಕಾಣುತ್ತೆ’, ‘ಅನ್ಸುತ್ತೆ’. ಇದು ಗೊತ್ತಾದ ಮೇಲೆ ಜಾಸ್ತಿ ತಡವರಿಸಲಿಲ್ಲ.

ವ್ಯಾಕರಣದಲ್ಲಿ ಎಡವಿದ್ದು ಎರಡು ಕಡೆ. ‘ಶಿ ಸೀಮ್ಸ್ ಸ್ಯಾಡ್’ ಸರಿ, ‘ಸ್ಯಾಡ್ಲಿ’ ಅಲ್ಲ. ಈಗಿನ ಮಾತೇ ಆದರೂ ‘ಈಸ್ ಸೀಮಿಂಗ್’ ಅನ್ನುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಈ ಪದದ ಮೆತ್ತಗಿನ ಗುಣ. ‘ದೇರ್ ಸೀಮ್ಸ್ ಟು ಬಿ ಎ ಮಿಸ್ಟೇಕ್ ಇನ್ ದ ಬಿಲ್.’ ತಪ್ಪಿದೆ ಅಂತ ಚೆನ್ನಾಗಿ ಗೊತ್ತಿದ್ದರೂ ಹೀಗೆ ಹೇಳಬಹುದು. ನಾವೂ ಅಂಗಡಿಯಲ್ಲಿ ‘ಲೆಕ್ಕ ಎಲ್ಲೋ ತಪ್ಪಿದೆ ಅನ್ಸುತ್ತೆ, ಒಂದ್ಸಲ ನೋಡಿ’ ಅಂತೀವಿ ಅಲ್ವಾ? ಅದೇ. ‘ಐ ಕಾಂಟ್ ಸೀಮ್ ಟು ಓಪನ್ ದಿಸ್ ಫೈಲ್’ ಅಂದರೆ ಬೇರೆ: ಎಷ್ಟು ಸಲ ಪ್ರಯತ್ನ ಮಾಡಿದರೂ ತೆರೆಯೋಕೆ ಆಗುತ್ತಿಲ್ಲ. ಇದನ್ನು ಕಲಿತ ಮೇಲೆ ಸಹಾಯ ಕೇಳಿ ಬರೆಯುವುದು ನನಗೆ ಸುಲಭವಾಯಿತು.

ನೋಟ್‌ಬುಕ್ಕಿನಲ್ಲಿ ಒಂದು ಸಾಲು ಮಾತ್ರ ಕಾಡಿತು. ‘ಅವನಿಗೆ ಗೊತ್ತೇ ಇಲ್ಲವಂತೆ!’ ಅಮ್ಮ ರಾಗ ಎಳೆದು ಹಾಗೆ ಹೇಳಿದರೆ, ಅವನ ಮಾತನ್ನು ಅಮ್ಮ ನಂಬಿಲ್ಲ ಅಂತ. ಸದ್ಯಕ್ಕೆ ‘ಹಿ ಕ್ಲೇಮ್ಸ್ ಹಿ ಡಸಂಟ್ ನೋ’ ಅಂತ ಬರೆದುಕೊಂಡಿದ್ದೇನೆ. ಇನ್ನೂ ಹತ್ತಿರದ ಮಾತು ಸಿಕ್ಕಿಲ್ಲ.