ಮೀನಿಲ್ಲದ, ಬೆಳ್ಳುಳ್ಳಿ ಇಲ್ಲದ ಕಿಮ್ಚಿ ಕೊನೆಗೂ ಕೈಗೆ ಹತ್ತಿತು

ನವೆಂಬರ್ ಕೊನೆಯಲ್ಲಿ ಹಾಕಿದ ಕಿಮ್ಚಿಯ, ಅಂದರೆ ಕೊರಿಯಾದ ಹುಳಿ ಬರಿಸಿದ ಕೋಸಿನ ಉಪ್ಪಿನಕಾಯಿಯ, ಕೊನೇ ಡಬ್ಬಿ ನಿನ್ನೆ ತೆಗೆದೆವು. ಅಮ್ಮ ಎರಡು ಸಲ ಹಾಕಿಸಿಕೊಂಡರು. ಮೀನು, ಬೆಳ್ಳುಳ್ಳಿ ಇಲ್ಲದೆ ಕಿಮ್ಚಿ ಆಗೋ ಕೆಲಸ ಅಲ್ಲ ಅಂತ ಇಲ್ಲಿ ದಕ್ಷಿಣ ಕೊರಿಯಾದ ಸುವೋನ್‌ನಲ್ಲಿರುವ ನಮ್ಮವರೇ ಎಷ್ಟೋ ಜನ ಹೇಳಿದ್ದರು. ಅವರಿಗೋಸ್ಕರವೇ ಬರೆಯುತ್ತಿದ್ದೇನೆ.

ಅಮ್ಮ ಈರುಳ್ಳಿ, ಬೆಳ್ಳುಳ್ಳಿ ಮುಟ್ಟಲ್ಲ. ಹಿಂದಿನ ಸಲ ಬಂದಾಗ ಅವರಿಗೆ ಒಂದು ಅಡುಗೆ, ನಮಗೆ ಮತ್ತು ಮಗಳಿಗೆ ಇನ್ನೊಂದು. ಮಗಳಿಗೆ ಇಲ್ಲಿನ ಶಾಲೆಯ ಊಟ ಅಭ್ಯಾಸವಾಗಿದೆ, ಕಿಮ್ಚಿ ಇಲ್ಲದೆ ಅನ್ನ ಇಳಿಯಲ್ಲ. ಅಜ್ಜಿ ಒಂದು ಕಡೆ, ಮೊಮ್ಮಗಳು ಒಂದು ಕಡೆ ಕೂತು ಉಣ್ಣೋದು ನನಗೆ ಸರಿ ಬರಲಿಲ್ಲ. ಅಂಗಡಿಯ ಕಿಮ್ಚಿಯಲ್ಲಿ ಬಹುಪಾಲು ಉಪ್ಪು ಹಾಕಿಟ್ಟ ಸಿಗಡಿಯೋ ಮೀನಿನ ರಸವೋ ಇದ್ದೇ ಇರುತ್ತದೆ. ಸಸ್ಯಾಹಾರಿ ಅಂತ ಬರೆದ ಪ್ಯಾಕೆಟ್ ತಂದರೂ ಸಾಮಾನ್ಯವಾಗಿ ಬೆಳ್ಳುಳ್ಳಿ ತಪ್ಪಲ್ಲ.

ಮೊದಲನೇ ಸಲ ಹಾಕಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಆ ವರ್ಷದ ಬಿಸಿಲು ನೆನಪಿರಬೇಕಲ್ವಾ? ಅದಕ್ಕೆ ಬೆಲೆ ಏರಿ, ಕಿಮ್ಚಿಗೆ ಹಾಕುವ ಉದ್ದನೆಯ ಬೆಚು ಕೋಸು ಒಂದಕ್ಕೆ ಹತ್ತಿರ ಹತ್ತಿರ 10 ಸಾವಿರ ವಾನ್. ಎರಡು ತಂದೆ. ಮನೆಯಲ್ಲಿದ್ದ ಪುಡಿ ಉಪ್ಪನ್ನೇ ಉಜ್ಜಿ ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ಎಲೆ ಮೆತ್ತಗೆ ಜೋತುಬಿದ್ದಿತ್ತು, ಬಾಯಿಗಿಟ್ಟರೆ ಬರೀ ಉಪ್ಪು. ನಾಲ್ಕು ನೀರಲ್ಲಿ ತೊಳೆದರೂ ಹೋಗಲಿಲ್ಲ. ಕಲ್ಲುಪ್ಪೇ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಎರಡನೇ ಸಲ ಊರಿಂದ ಬಂದ ಬ್ಯಾಡಗಿ ಪುಡಿ ಹಾಕಿದೆ. ಬಣ್ಣ ಅಂದರೆ ಬಣ್ಣ! ಇಲ್ಲಿನ ಮೆಣಸಿನ ಪುಡಿ ಗೊಚುಗಾರು ಅದರ ಮುಂದೆ ಸಪ್ಪೆ. ಆದರೆ ನಮ್ಮ ಪುಡಿ ನುಣ್ಣಗೆ ಬೀಸಿದ್ದು. ನಾಲ್ಕನೇ ದಿನಕ್ಕೆ ಚಟ್ನಿಯ ಹಾಗೆ ತಳಕ್ಕೆ ಕೂತು ಮೇಲೆ ನೀರು ನಿಂತಿತು. ಗೊಚುಗಾರು ತರಿತರಿಯಾಗಿರೋದರಿಂದ ಎಲೆಗೆ ಹಿಡಿದುಕೊಳ್ಳುತ್ತದೆ. ಈಗ ನಾನು ಗೊಚುಗಾರು ಜೊತೆ ತರಿಯಾಗಿ ಕುಟ್ಟಿದ ಬ್ಯಾಡಗಿ ಒಂದು ಹಿಡಿ ಸೇರಿಸುತ್ತೇನೆ. ಖಾರ ಏರಲ್ಲ, ಬಣ್ಣ ಎದ್ದು ಬರುತ್ತದೆ.

ಮೂರನೇ ಸಲ ಬೆಳ್ಳುಳ್ಳಿ ಬದಲು ಇಂಗು. ನಮ್ಮ ಸಾರಿಗೆ ಒಗ್ಗಿದ್ದು ಇದಕ್ಕೂ ಒಗ್ಗುತ್ತದೆ ಅಂದುಕೊಂಡೆ. ಒಗ್ಗರಣೆಯಲ್ಲಿ ಎಣ್ಣೆಗೆ ಬಿದ್ದ ಇಂಗು ಬೇರೆ, ಹುಳಿ ನೀರಲ್ಲಿ ಹತ್ತು ದಿನ ನೆನೆದ ಇಂಗು ಬೇರೆ. ಫ್ರಿಜ್‌ನಲ್ಲಿದ್ದ ಹಾಲಿಗೂ ವಾಸನೆ ಹತ್ತಿತು. ಪೂರ್ತಿ ಎಸೆದೆ. ಮೂರೂ ಸೇರಿ ಸುಮಾರು 90 ಸಾವಿರ ವಾನ್ ಹೋಗಿದೆ, ಅಂದರೆ ನಮ್ಮ 5 ಸಾವಿರ ರೂಪಾಯಿ ಮೇಲೆಯೇ.

ದಾರಿ ಸಿಕ್ಕಿದ್ದು ಸಿಯೋಲ್‌ನ ಬುಖಾನ್‌ಸಾನ್ ಬೆಟ್ಟದ ಬುಡದಲ್ಲಿರುವ ಜಿನ್‌ಗ್ವಾನ್‌ಸಾ ಗುಡಿಗೆ ಹೋದಾಗ. ಬೌದ್ಧ ಗುಡಿಗಳ ಅಡುಗೆಯಲ್ಲಿ ಮೀನೂ ಇಲ್ಲ, ಘಾಟಿನ ಐದು ಪದಾರ್ಥಗಳೂ ಇಲ್ಲ. ಅದನ್ನು ಓಶಿನ್‌ಚೆ ಅನ್ನುತ್ತಾರೆ. ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಇನ್ನೆರಡು ಅದೇ ಜಾತಿಯ ಸೊಪ್ಪು, ಐದನೆಯದು ಹುಂಗೊ. ಹುಂಗೊ ಅಂದರೆ ಏನು ಗೊತ್ತಾ? ನಮ್ಮ ಹಿಂಗು, ಅಂದರೆ ಇಂಗು! ಕೊರಿಯಾದಲ್ಲಿ ಬೆಳೆಯದ ವಸ್ತು, ಹೆಸರು ಮಾತ್ರ ಇಂಡಿಯಾದಿಂದ ಚೀನಾ ದಾಟಿ ಬಂದು ಪಟ್ಟಿಯಲ್ಲಿ ಕೂತಿದೆ. ಬೆಳ್ಳುಳ್ಳಿ ಬೇಡ ಅಂತ ನಾವು ಹಾಕೋದೇ ಅದು. ಅಮ್ಮನಿಗೆ ಹೇಳಿದಾಗ ಅವರು ಬಹಳ ಹೊತ್ತು ಅದನ್ನೇ ಮಾತಾಡಿದರು.

ಈ ಸಲದ ಲೆಕ್ಕ. ಮೊತ್‌ಗೋಲ್ ಮಾರ್ಕೆಟ್‌ನಿಂದ ಮೂರು ಕೋಸು, ಏಳೂವರೆ ಕೆಜಿ ಇರಬಹುದು, 10 ಸಾವಿರ ವಾನ್. ಗೊಚುಗಾರು ಅರ್ಧ ಗುನ್, ಅಂದರೆ 300 ಗ್ರಾಂ. ಮೆಣಸಿನ ಪುಡಿಗೆ ಒಂದು ಗುನ್ ಅಂದರೆ 600 ಗ್ರಾಂ, ತರಕಾರಿಗೆ 400. ಹೊಸಬರು ಇಲ್ಲೇ ಎಡವುತ್ತಾರೆ. ಕಲ್ಲುಪ್ಪು ಮುಕ್ಕಾಲು ಕೆಜಿ. ಒಂದು ದಪ್ಪ ಮೂಲಂಗಿ, ಒಂದು ಪೇರ್ ಹಣ್ಣು, ಶುಂಠಿ. ಎಲ್ಲ ಸೇರಿ 40 ಸಾವಿರ ವಾನ್ ಒಳಗೆ.

ಉಪ್ಪು ಹಿಡಿದಿದೆಯಾ ಅಂತ ನೋಡೋಕೆ ಗಡಿಯಾರ ನಂಬಬೇಡಿ. ಬಿಳೀ ದಂಟನ್ನು ಎರಡು ಬೆರಳಲ್ಲಿ ಹಿಡಿದು ಮಡಚಿ. ಪಟ್ ಅಂತ ಮುರಿದರೆ ಇನ್ನೂ ಹೊತ್ತು ಬೇಕು. ಮುರಿಯದೆ ಬಿಲ್ಲಿನ ಹಾಗೆ ಬಗ್ಗಿ, ಬಿಟ್ಟಾಗ ನಿಧಾನಕ್ಕೆ ವಾಪಸ್ ಬರಬೇಕು. ನನಗೆ ಎಂಟು ಗಂಟೆ ಹಿಡಿಯಿತು. ಮೂರು ನೀರು, ಆಮೇಲೆ ಮೂರು ಗಂಟೆ ಬಸಿಯಲು ಬಿಟ್ಟೆ.

ಮೀನಿನ ಜಾಗಕ್ಕೆ ದಾಶಿಮಾ ಅನ್ನುವ ಒಣ ಕಡಲ ಪಾಚಿ ಮತ್ತು ಒಣ ಪ್ಯೋಗೊ ಅಣಬೆಯ ಕಟ್ಟು. ದಾಶಿಮಾ ಹತ್ತು ನಿಮಿಷಕ್ಕೆ ತೆಗೆದುಬಿಡಿ, ಇಲ್ಲದಿದ್ದರೆ ಲೋಳೆ ಬಿಡುತ್ತದೆ. ಅಣಬೆ ಇನ್ನರ್ಧ ಗಂಟೆ ಕುದಿಯಲಿ. ಅದಕ್ಕೆ ಸೂಪಿಗೆ ಹಾಕುವ ಸೋಯಾ ಸಾಸ್, ಗುಕ್‌ಗಾನ್‌ಜಾಂಗ್, ಮೂರು ನಾಲ್ಕು ಚಮಚ. ಮಸಾಲೆಗೆ ಸೇರಿಸುವ ಅಂಟಕ್ಕಿ ಹಿಟ್ಟಿನ ಅಂಬಲಿ ಬದಲು ನಿನ್ನೆಯ ಅನ್ನವನ್ನೇ ಈ ಕಟ್ಟಿನಲ್ಲಿ ರುಬ್ಬಿದೆ. ಏನೂ ವ್ಯತ್ಯಾಸ ಇಲ್ಲ. ಪೇರ್ ಹಣ್ಣಿನ ಜೊತೆ ಇನ್ನೊಂದು ಹಣ್ಣು ತುರಿದು ಹಾಕುತ್ತೇನೆ. ಅದು ಯಾವುದು, ಎಷ್ಟು ಅನ್ನೋದನ್ನು ಇಲ್ಲಿ ಬರೆಯಲ್ಲ.

ಹೊರಗೆ ಎರಡು ದಿನ, ಆಮೇಲೆ ಕಿಮ್ಚಿಗೆಂದೇ ಇರುವ ಕಿಮ್ಚಿ ಫ್ರಿಜ್. ಮೂರು ವಾರ ಮುಟ್ಟಲಿಲ್ಲ. ಬೆಳ್ಳುಳ್ಳಿ ಇಲ್ಲದ್ದು ಮೊದಲ ವಾರ ಚಪ್ಪೆ ಅನ್ನಿಸುತ್ತದೆ. ಅಲ್ಲಿಗೇ ಎಲ್ಲರೂ ಕೈಬಿಡೋದು.

ಊಟಕ್ಕೆ ಕೂರೋದು ಇನ್ನೊಂದು ತಲೆನೋವು. ಇಲ್ಲಿ ಚಿಗೆ, ಅಂದರೆ ಗಟ್ಟಿ ಸಾರಿನಂಥದ್ದು, ಕುದಿಯುತ್ತಲೇ ನಡುವೆ ಬರುತ್ತದೆ, ಎಲ್ಲರ ಚಮಚವೂ ಅದೇ ಪಾತ್ರೆಗೆ. ಅಮ್ಮನಿಗೆ ಅದು ಎಂಜಲು. ಅದಕ್ಕೆ ಒಂದು ಸೌಟು, ಎಲ್ಲರ ಮುಂದೆ ಒಂದೊಂದು ಬಟ್ಟಲು. ಈಗ ಇಲ್ಲಿನ ಎಷ್ಟೋ ಮನೆಗಳಲ್ಲೂ ಹಾಗೇ. ಗುಡಿಯಲ್ಲಂತೂ ಭಿಕ್ಷುಗಳಿಗೆ ಅವರವರದೇ ನಾಲ್ಕು ಬಟ್ಟಲು. ಕೊನೆಗೆ ಕಿಮ್ಚಿ ಚೂರಿನಿಂದ ಬಟ್ಟಲು ಒರೆಸಿ, ತೊಳೆದ ನೀರನ್ನೂ ಕುಡಿಯುತ್ತಾರೆ. ಒಂದು ಅಗುಳೂ ಬಿಡಲ್ಲ ಅಂದಾಗ ಅಮ್ಮನಿಗೆ ಬಹಳ ಮೆಚ್ಚುಗೆ. ಅನ್ನ ಮಾತ್ರ ಅವರಿಗೆ ಒಗ್ಗಲಿಲ್ಲ. "ಇದೇನೋ, ಹೀಗೆ ಮುದ್ದೆಯಾಗಿದೆ" ಅಂದರು. ಅವರಿಗೆ ಸೋನಾ ಮಸೂರಿ ಬೇರೆ ಇಡುತ್ತೇನೆ. ಕಿಮ್ಚಿ, ತೋಫು ಹಾಕಿದ ಚಿಗೆ, ಹುರುಳಿಕಾಯಿ ಪಲ್ಯ ಎಲ್ಲರಿಗೂ ಒಂದೇ.

ಹುಳಿ ಜಾಸ್ತಿಯಾದ ಕಿಮ್ಚಿಯನ್ನು ಸಾರಿಗೆ ಹಾಕಿ ನೋಡಿದೆ. ಬೇಡ, ಹುಣಸೆ ಜೊತೆ ಜಗಳವಾಡುತ್ತದೆ. ಆದರೆ ಸಣ್ಣಗೆ ಹೆಚ್ಚಿ, ಹಿಂಡಿ, ಅಕ್ಕಿ ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿದರೆ ಅದರ ರುಚಿಯೇ ಬೇರೆ. ಹಿಂಡಿದ ರಸದಲ್ಲೇ ಹಿಟ್ಟು ಕಲಸಿ, ಉಪ್ಪು ಹಾಕಬೇಡಿ. ಭಾನುವಾರ ಅಮ್ಮ ತಟ್ಟುತ್ತಾರೆ, ಮಗಳು ಕಾವಲಿ ಪಕ್ಕದಲ್ಲೇ ನಿಂತು ತಿನ್ನುತ್ತಾಳೆ.

ಪಕ್ಕದ ಮನೆಯ ಹಾಲ್ಮೊನಿ, ಅಂದರೆ ಅಜ್ಜಿ, ಮೊದಲೇ ಬೇಡ ಅಂತ ತಲೆ ಆಡಿಸಿದ್ದರು. ಸಿಗಡಿ ಇಲ್ಲದೆ ರುಚಿ ಎಲ್ಲಿ ಬರುತ್ತೆ ಅಂತ. ಡಿಸೆಂಬರ್‌ನಲ್ಲಿ ಒಂದು ಡಬ್ಬಿ ಕೊಟ್ಟೆ. ಎರಡು ದಿನ ಬಿಟ್ಟು ಬಂದು "ಶಿವೊನ್‌ಹಾದಾ" ಅಂದರು. ತಣ್ಣಗೆ, ಹಗುರಾಗಿ ಒಳಗೆ ಇಳಿಯಿತು ಅಂತ ಅರ್ಥ. ಖಾಲಿ ಡಬ್ಬಿ ವಾಪಸ್ ಕೊಡೋದು ನಮ್ಮಲ್ಲೂ ಇಲ್ಲ, ಇವರಲ್ಲೂ ಇಲ್ಲ. ಡಬ್ಬಿ ತುಂಬ ಒಣಗಿಸಿದ ಪರ್ಸಿಮನ್ ಹಣ್ಣು ಇತ್ತು. ಅಮ್ಮ ಅದನ್ನು ದೇವರ ಮುಂದಿಟ್ಟು, ಆಮೇಲೆ ಎಲ್ಲರ ಕೈಗೂ ಒಂದೊಂದು ಕೊಟ್ಟರು.